ಬೆಳಗಿನ ಐದೂವರೆಯ ನಾಯಕತ್ವ

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ನಿಂತೇ ಕಾಲ ಕಳೆದವಳಿಗೆ ಜನರ ಬಗ್ಗೆ ಹೆಚ್ಚೇನೂ ಭ್ರಮೆ ಉಳಿದಿರುವುದಿಲ್ಲ. ಕಂಡಕ್ಟರಮ್ಮನಿಗಂತೂ ಎಳ್ಳಷ್ಟೂ ಉಳಿದಿರಲಿಲ್ಲ. ಒಳಗೆ ಬೇಕಾದಷ್ಟು ಜಾಗವಿದ್ದರೂ ಬಾಗಿಲಲ್ಲೇ ಜೋತುಬಿದ್ದವನು ಯಾಕೆ ಒಳಗೆ ಹೋಗುವುದಿಲ್ಲ, ಕಿಟಕಿ ಪಕ್ಕ ಕೂತವನಿಗೆ ಮುದುಕಿಯನ್ನು ಕಂಡ ಕೂಡಲೇ ಅದೆಲ್ಲಿಂದ ನಿದ್ದೆ ಬರುತ್ತದೆ, ‘ನಾನು ಯಾರು ಗೊತ್ತಾ’ ಎಂದು ಕೂಗಾಡುವವನ ಜೇಬಿನಲ್ಲಿ ಯಾಕೆ ಟಿಕೆಟ್ ಇರುವುದಿಲ್ಲ, ಇವೆಲ್ಲ ಅವಳಿಗೆ ಬಾಯಿಪಾಠ. ಯಾರಾದರೂ ಎದೆಯ ಮೇಲೆ ಕೈಯಿಟ್ಟುಕೊಂಡು ಜನಸೇವೆಯ ಮಾತು ಶುರುಮಾಡಿದರೆ ಅವಳ ಎಡಹುಬ್ಬು ತಾನಾಗಿ ಮೇಲೆ ಹೋಗುತ್ತಿತ್ತು. ಆ ಹುಬ್ಬಿಗೆ ಡಿಪೋದ ಮ್ಯಾನೇಜರೂ ಹೆದರುತ್ತಿದ್ದ.

ಕೊನೆಗೆ ಮಂಡಿ ಕೈಕೊಟ್ಟಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಕೂತು ಎಂಟು ತಿಂಗಳಾಗಿತ್ತೋ ಇಲ್ಲವೋ, ಅವರ ವಾರ್ಡಿನ ಪುರಸಭೆ ಸ್ಥಾನ ಮಹಿಳೆಗೆ ಮೀಸಲಾಯಿತು. ಪಕ್ಷದ ನಾಲ್ಕು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ನೇರವಾಗಿ ಅವಳ ಗಂಡನ ಅಂಗಡಿಗೆ ಹೋದರು. ಗಂಡನದು ಗಡಿಯಾರ ರಿಪೇರಿ. ಬಾಗಿಲಗಲದ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಬಾಯಲ್ಲಿ ಮಾತು ಕಮ್ಮಿ.

“ನಿಮ್ಮ ಮನೆಯವ್ರನ್ನ ನಿಲ್ಲಿಸ್ತೀವಿ. ನೀವು ಹೂಂ ಅಂದ್ರೆ ಸಾಕು. ಗೆದ್ದ ಮೇಲೆ ಕೆಲಸ ಎಲ್ಲಾ ನೀವೇ ನೋಡ್ಕೋಬಹುದು” ಅಂದರು.

ಅವನು ಭೂತಗನ್ನಡಿ ತೆಗೆಯದೆಯೇ ಹೇಳಿದ: “ನಂಗೆ ಈ ಮುಳ್ಳುಗಳನ್ನೇ ಸರಿಯಾಗಿ ನಿಲ್ಸೋಕಾಗ್ತಿಲ್ಲ. ಅವಳನ್ನ ನಾನೆಲ್ಲಿ ನಿಲ್ಲಿಸ್ಲಿ? ಮನೇಗೆ ಹೋಗಿ, ಅವಳನ್ನೇ ಕೇಳಿ.”

ಕೇಳಿದರು. ಅವಳು ನಿಂತಳು. ವಾರ್ಡಿನಲ್ಲಿ ಅವಳ ಬಸ್ಸಿಗೆ ಹತ್ತಿ ಇಳಿಯದವರು ಯಾರೂ ಇರಲಿಲ್ಲವಾದ್ದರಿಂದ ಗೆದ್ದೂ ಬಿಟ್ಟಳು. ಗೆದ್ದು ಸಭಾಂಗಣಕ್ಕೆ ಕಾಲಿಟ್ಟ ದಿನವೇ ಗೊತ್ತಾಯಿತು, ಇದು ಕೆಟ್ಟು ನಿಂತ ಬಸ್ಸು ಅಂತ. ಮೂವತ್ತೊಂದು ಜನ ಸದಸ್ಯರು. ಅಧ್ಯಕ್ಷರ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಹತ್ತು ಜನ ತೂಕಡಿಸುತ್ತಿದ್ದರು, ಉಳಿದವರು ಫೋನು ತಿಕ್ಕುತ್ತಿದ್ದರು. ಮೂರು ವರ್ಷ ಹೋರಾಡಿ ಅವಳು ಮಾಡಿಸಿದ್ದು ಎರಡು ಬಸ್‌ಸ್ಟಾಪಿಗೆ ಸೂರು, ಶಾಲೆಯ ತಿರುವಿಗೆ ಒಂದು ದೀಪ. “ಡಿಪೋದಲ್ಲಿದ್ದಿದ್ರೆ ಇದು ಮೂರು ದಿನದ ಕೆಲ್ಸ. ಇಲ್ಲಿ ಮೂರು ವರ್ಷ ಹಿಡೀತು, ಅದಕ್ಕೊಂದು ಉದ್ಘಾಟನೆ ಬೇರೆ” ಎಂದು ಗಂಡನ ಮುಂದೆ ಉರಿದುಬೀಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಪುರಸಭೆಯ ಮುಖ್ಯಾಧಿಕಾರಿ ಅವಳನ್ನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ದಪ್ಪ ಕಾಗದದ ಪತ್ರವೊಂದಿತ್ತು. ವಿವಿಧ ಹಿನ್ನೆಲೆಯ ಜನನಾಯಕರಿಗೆ ಅಂತಾರಾಷ್ಟ್ರೀಯ ವಿನಿಮಯ ಮತ್ತು ಶಿಕ್ಷಣ ಕಾರ್ಯಕ್ರಮ. ಪರದೇಶದಲ್ಲಿ ಆರು ವಾರ. ಹದಿನೈದು ದೇಶಗಳಿಂದ ಇಪ್ಪತ್ನಾಲ್ಕು ಜನ. ಅದರಲ್ಲಿ ಈ ಊರಿನಿಂದ ಒಬ್ಬರು, ಆ ಒಬ್ಬರು ಇವಳು.

“ನನ್ನನ್ನೇ ಯಾಕೆ?” ಅಂದಳು.

“ಅವರೇ ಒಂದು ಪಟ್ಟಿ ಕಳಿಸಿದ್ದಾರೆ ಮೇಡಂ. ಹೆಂಗಸಾಗಿರಬೇಕು, ಐವತ್ತು ದಾಟಿರಬೇಕು, ಮೈಮುರಿದು ದುಡಿದವರಾಗಿರಬೇಕು, ದೊಡ್ಡ ಓದು ಇರಬಾರದು. ನಮ್ಮ ಮೂವತ್ತೊಂದು ಜನದಲ್ಲಿ ಎಲ್ಲದಕ್ಕೂ ಟಿಕ್ ಬೀಳೋದು ನಿಮಗೊಬ್ರಿಗೇ.”

“ಒಳ್ಳೇ ಕೆಲಸ ಮಾಡಿರಬೇಕು ಅಂತ ಪಟ್ಟೀಲಿ ಇಲ್ವಾ?”

ಮುಖ್ಯಾಧಿಕಾರಿ ಪಾಪದ ಮನುಷ್ಯ. ಹಾಳೆ ತಿರುಗಿಸಿ ಹಿಂದೆ ಮುಂದೆ ನಿಜವಾಗಿಯೂ ಹುಡುಕಿ ನೋಡಿದ. ಆಮೇಲೆ “ಇಲ್ಲ ಮೇಡಂ” ಅಂದ.

ಹೋಗುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದಳು. ಪಕ್ಕದ ಮನೆಯಲ್ಲೇ ಇದ್ದ ನಾದಿನಿ ಸ್ವೆಟರ್ ತಂದು ಪೆಟ್ಟಿಗೆಗೆ ತುರುಕುತ್ತ, “ನಾಯಕಿ ಆಗೋಕೆ ಅಷ್ಟು ದೂರ ಯಾಕೆ ಹೋಗ್ಬೇಕು ಅತ್ತಿಗೆ? ಈ ಮನೇಲಿ ನಮ್ಮೆಲ್ಲರ ಮೇಲೆ ಸವಾರಿ ಮಾಡ್ತಾ ಇಲ್ವಾ?” ಎಂದಳು. ಗಂಡ ಮಾತ್ರ, “ಹೋಗ್ಬಾ. ಇಪ್ಪತ್ತಾರು ವರ್ಷ ಒಂದೇ ರೂಟಲ್ಲಿ ಓಡಾಡಿದೀಯ” ಎಂದ. ಆ ಮಾತು ನಾಟಿತು. ಹೊರಟಳು.

ತರಬೇತಿ ಕೇಂದ್ರ ಒಂದು ಗುಡ್ಡದ ನೆತ್ತಿಯ ಮೇಲಿತ್ತು. ಮೈಯೆಲ್ಲ ಗಾಜು. ಒಳಗೆ ಮುಖ ಕಾಣುವಂಥ ನೆಲ, ಸದ್ದಾಗದ ಬಾಗಿಲು, ಗೋಡೆಗೋಡೆಗೂ ನಗುತ್ತಿರುವ ನಾಯಕರ ಫೋಟೋ. ಗುಡ್ಡದ ಬುಡದಲ್ಲಿ ಒಂದು ಕೆರೆ, ಅದರ ಪಕ್ಕ ಊರಿನ ಬಸ್ಸು ನಿಲ್ಲುವ ಜಾಗ. ಅಲ್ಲಿಂದ ಮೇಲಕ್ಕೆ ನಾಲ್ಕು ಕಿಲೋಮೀಟರ್ ಏರುದಾರಿ. ಇವರನ್ನೆಲ್ಲ ಕೇಂದ್ರದ ಬಿಳಿ ಬಸ್ಸು ಮೇಲಕ್ಕೆ ತಂದು ಇಳಿಸಿತು. ಒಳ್ಳೆಯ ಬಸ್ಸು, ಸೀಟಿಗೆ ಒಂದು ಗೀರೂ ಇಲ್ಲ. ಇಷ್ಟು ಚೊಕ್ಕವಾಗಿದೆಯೆಂದರೆ ಇದನ್ನು ಯಾರೂ ಸರಿಯಾಗಿ ಓಡಿಸುತ್ತಿಲ್ಲ ಎಂದು ಕಂಡಕ್ಟರಮ್ಮ ಆಗಲೇ ಲೆಕ್ಕ ಹಾಕಿದಳು.

ಪಾಠ ನಡೆಯುವಾಗ ಎಲ್ಲರ ಕಿವಿಗೂ ಒಂದು ಯಂತ್ರ. ಕೋಣೆಯ ಮೂಲೆಯಲ್ಲಿ ಗಾಜಿನ ಗೂಡು. ಅದರೊಳಗೆ ಕೂತ ಹುಡುಗಿಯೊಬ್ಬಳು ಕಂಡಕ್ಟರಮ್ಮನ ಕಿವಿಯಲ್ಲಿ ಅವಳ ಭಾಷೆಯಲ್ಲೇ ಮಾತಾಡುತ್ತಿದ್ದಳು. ಪಾಠ ಮಾಡುತ್ತಿದ್ದವಳು ಕೇಂದ್ರದ ನಿರ್ದೇಶಕಿ. ತೆಳ್ಳಗೆ, ಲವಲವಿಕೆಯ ಹೆಂಗಸು. ಯಾರು ಏನು ಹೇಳಿದರೂ ಒಂದು ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವಳು. ಎರಡನೇ ದಿನದಿಂದ ಅವಳು ಇವಳ ಪಾಲಿಗೆ ಚೀಟಿ ಮೇಡಂ.

“ನಾಯಕತ್ವ ಅನ್ನೋದು ನಮ್ಮೊಳಗಿನ ಅವಕಾಶದ ಕಡೆಗೆ ನಾವು ತೆರೆದುಕೊಳ್ಳುವ ಒಂದು ಪಯಣ” ಎಂದಿತು ಕಿವಿಯಲ್ಲಿನ ದನಿ. ಸ್ವಲ್ಪ ತಡೆದು ಮೆಲ್ಲಗೆ, “ಅವರು ಈಗ ಹೇಳಿದ್ದಕ್ಕೆ ನನಗೂ ಅರ್ಥ ಗೊತ್ತಾಗಲಿಲ್ಲ, ಮುಂದಿನ ವಾಕ್ಯಕ್ಕೆ ಕಾಯೋಣ” ಎಂದೂ ಸೇರಿಸಿತು. ಕಂಡಕ್ಟರಮ್ಮ ಗಾಜಿನ ಗೂಡಿನ ಕಡೆ ತಿರುಗಿ ನಕ್ಕಳು. ಹುಡುಗಿಯೂ ನಕ್ಕಳು. ಆ ಕೋಣೆಯಲ್ಲಿ ಒಬ್ಬಳಾದರೂ ನಿಜ ಹೇಳುವವಳಿದ್ದಾಳೆ ಎಂದು ಸಮಾಧಾನವಾಯಿತು.

ಮೊದಲ ವಾರ ಒಣಕಡ್ಡಿ ಮತ್ತು ಅಂಟುಟೇಪಿನಿಂದ ಗೋಪುರ ಕಟ್ಟಿಸಿದರು. ಇವಳ ಗುಂಪಿನಲ್ಲಿ ಇವಳಲ್ಲದೆ ಇನ್ನೂ ಮೂವರು. ಒಬ್ಬ ನಿವೃತ್ತ ಕರ್ನಲ್, ಈಗ ತನ್ನೂರಿನ ಮೇಯರ್. ಊಟದ ತಟ್ಟೆ ಎತ್ತುವಾಗಲೂ ಬೆನ್ನು ನೆಟ್ಟಗೆ. ಇನ್ನೊಬ್ಬ ಯಾವುದೋ ದೇಶದ ಮಂತ್ರಿಯ ಮಗಳ ಗಂಡ. ತನ್ನ ಪರಿಚಯದಲ್ಲಿ ಮಾವನ ಹೆಸರನ್ನೇ ನಾಲ್ಕು ಸಲ ಹೇಳಿಕೊಂಡಿದ್ದರಿಂದ ಇವಳು ಅವನಿಗೆ ‘ಅಳಿಯ’ ಎಂದೇ ಹೆಸರಿಟ್ಟಳು. ಮೂರನೆಯವಳು ಗಾಲಿಕುರ್ಚಿಯ ಹೆಡ್‌ಮಿಸ್ಟ್ರೆಸ್. ಅವಳ ನಗರದ ಶಾಲೆಗಳ ಪರೀಕ್ಷೆಯ ಪದ್ಧತಿಯನ್ನೇ ಬದಲಾಯಿಸಿದ ಗಟ್ಟಿಗಿತ್ತಿ. ಆದರೆ ಇಲ್ಲಿ ಅವಳ ಬಾಯಿಂದ ಮೆಟ್ಟಿಲ ಪಕ್ಕದ ಇಳಿಜಾರಿನ ವಿಷಯ ಬಿಟ್ಟು ಬೇರೇನೂ ಕೇಳಲು ಯಾರಿಗೂ ಆಸಕ್ತಿಯಿರಲಿಲ್ಲ.

ಕರ್ನಲ್ ಆಜ್ಞೆ ಕೊಟ್ಟ, ಅಳಿಯ ಫೋಟೋ ತೆಗೆದ, ಹೆಂಗಸರಿಬ್ಬರು ಕಟ್ಟಿದರು, ಗೋಪುರ ಬಿತ್ತು. “ಬಿದ್ದಿದ್ದರಲ್ಲೇ ಪಾಠ ಇದೆ!” ಎಂದು ಚೀಟಿ ಮೇಡಂ ಚಪ್ಪಾಳೆ ತಟ್ಟಿ ಹಳದಿ ಚೀಟಿ ಅಂಟಿಸಿದಳು. ಬ್ರೇಕ್ ಫೇಲಾಗಿ ಬಸ್ಸು ಹಳ್ಳಕ್ಕೆ ಬಿದ್ದರೂ ಇವಳು ಹೀಗೇ ಚಪ್ಪಾಳೆ ತಟ್ಟುತ್ತಾಳೇನೋ ಎಂದುಕೊಂಡಳು ಕಂಡಕ್ಟರಮ್ಮ.

ಮರುದಿನ, ನಿಮ್ಮೊಳಗೆ ಅಡಗಿರುವ ಪ್ರಾಣಿ ಯಾವುದು ಹೇಳಿ ಎಂಬ ಆಟ. ಕರ್ನಲ್ ಸಿಂಹವಾದ. ಅಳಿಯ ಗರುಡನಾದ. ಇವಳ ಸರದಿ ಬಂದಾಗ, “ನನ್ನೊಳಗೆ ಯಾವ ಪ್ರಾಣೀನೂ ಇಲ್ಲ. ಒಳಗೆ ಜಾಗ ಇಲ್ಲ, ಮುಂದಿನ ಬಸ್ಸಿಗೆ ಬರಲಿ” ಅಂದಳು. ಗಾಜಿನ ಗೂಡಿನ ಹುಡುಗಿ ಅದನ್ನು ಹೇಗೆ ಅನುವಾದಿಸಿದಳೋ, ಹೆಡ್‌ಮಿಸ್ಟ್ರೆಸ್ ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂತರು. ಮುರುಕು ಇಂಗ್ಲಿಷು, ಮಿಕ್ಕಿದ್ದು ಕೈಸನ್ನೆ.

ಫೋಟೋದವನೊಬ್ಬ ಇದ್ದ. ಊಟದ ಹೊತ್ತಿಗೆ ಬಂದು, ಮೈಬಣ್ಣ, ಬಟ್ಟೆ, ವಯಸ್ಸು ನೋಡಿ ಎಲ್ಲರನ್ನೂ ಹೂಗುಚ್ಛದ ಹಾಗೆ ಜೋಡಿಸುತ್ತಿದ್ದ. ಗಾಲಿಕುರ್ಚಿ ಯಾವಾಗಲೂ ಮುಂದೆ ಎಡಗಡೆ. ಕಂಡಕ್ಟರಮ್ಮನಿಗೆ ಅವನು, ನಿಮ್ಮ ಬಸ್ಸಿನ ಸಮವಸ್ತ್ರ ತಂದಿದ್ದರೆ ಹಾಕಿಕೊಂಡು ಬನ್ನಿ ಎಂದ. “ಡಿಪೋಗೆ ವಾಪಸ್ ಕೊಟ್ಟಾಯ್ತು. ನಿಮಗೆ ಬೇಕಿದ್ರೆ ನೀವು ಅರ್ಜಿ ಹಾಕಿ” ಎಂದು ಹುಬ್ಬೇರಿಸಿದಳು.

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಮೊಗಸಾಲೆಯಲ್ಲಿ ನಿಂತು ಗಂಡನಿಗೆ ಫೋನು ಮಾಡಿದಳು. “ಏನು ಕಲಿಸ್ತಾರೆ?” ಎಂದು ಅವನು ಕೇಳಿದ್ದಕ್ಕೆ, “ಕೇಳಿಸ್ಕೊಳ್ಳೋದು ಹೇಗೆ ಅಂತ ಕಲಿಸ್ತಾ ಇದಾರೆ ರೀ. ಇವತ್ತಿಗೆ ನಾಲ್ಕನೇ ದಿನ. ಪಾಠ ಮಾಡೋಳು ಬಾಯಿ ಮುಚ್ಚಿದ್ರೆ ತಾನೇ ನಾವು ಯಾರನ್ನಾದ್ರೂ ಕೇಳಿಸ್ಕೊಳ್ಳೋದು!” ಎಂದು ಬೈಯುತ್ತಿದ್ದಳು. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ತಿರುಗಿದರೆ, ನೆಲ ಒರೆಸುವ ಮಾಪು ಹಿಡಿದ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಬೂದುಬಣ್ಣದ ಕೋಟು, ಕಾಲಲ್ಲಿ ತೊಯ್ದು ತೊಪ್ಪೆಯಾದ ಶೂ.

“ನಿಂಗೆ ನಮ್ಮ ಭಾಷೆ ಬರುತ್ತಾ?”

“ನಮ್ಮಮ್ಮ ಆಡ್ತಿದ್ದದ್ದೇ ಅದು ಅಕ್ಕಾ. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಇಷ್ಟು ಚೆನ್ನಾಗಿ ಬೈಯ್ಯೋದನ್ನ ಕೇಳಿ ಎಷ್ಟೋ ದಿನ ಆಗಿತ್ತು.”

ಕಂಡಕ್ಟರಮ್ಮನಿಗೆ ಆ ಶೂಗಳ ಮೇಲೆ ಕಣ್ಣು. “ಒರೆಸೋವಾಗ ನೀರು ಚೆಲ್ಕೊಂಡ್ಯಾ?”

“ಇಲ್ಲಕ್ಕಾ, ನಡ್ಕೊಂಡು ಬಂದಿದ್ದು. ಇಬ್ಬನಿ.”

ಆಮೇಲೆ ಬಿಡಿಸಿ ಕೇಳಿದಾಗ ವಿಷಯ ಹೊರಬಿತ್ತು. ಅಡುಗೆಮನೆ, ಕೋಣೆ, ನೆಲ ನೋಡಿಕೊಳ್ಳುವ ಹನ್ನೊಂದು ಹೆಂಗಸರು ಕೆಳಗಿನ ಊರಿನವರು. ಊರ ಬಸ್ಸು ಐದೂವರೆಗೆ ಗುಡ್ಡದ ಬುಡಕ್ಕೆ ತಂದು ಬಿಡುತ್ತದೆ. ಆರೂವರೆಗೆ ಕೆಲಸಕ್ಕೆ ಹಾಜರಾಗಬೇಕು. ಮೊದಲು ಕೇಂದ್ರದ ಬಿಳಿ ಬಸ್ಸು ಕೆಳಗೆ ಹೋಗಿ ಅವರನ್ನು ಹತ್ತಿಸಿಕೊಂಡು ಬರುತ್ತಿತ್ತು. ಕಳೆದ ವರ್ಷದಿಂದ ನಿಂತಿದೆ. ಕಾರಣ, ಅತಿಥಿ ನಾಯಕರಿಗಾಗಿ ಬಸ್ಸು ಚೊಕ್ಕವಾಗಿ ಸಿದ್ಧವಿರಬೇಕು. ಈಗ ಹನ್ನೊಂದು ಜನವೂ ನಾಲ್ಕು ಕಿಲೋಮೀಟರ್ ಏರು ಹತ್ತಿ ಬರುತ್ತಾರೆ, ಕತ್ತಲಲ್ಲಿ, ಚಳಿಯಲ್ಲಿ. “ಇಳಿಯೋದು ಹೇಗೋ ಇಳೀತೀವಿ. ಹತ್ತೋದೇ ಜೀವ ಹೋಗುತ್ತೆ” ಎಂದಳು ಮಾಪಿನವಳು.

“ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ ಹೊರಡುತ್ತೆ?”

“ನಿಮ್ಮನ್ನ ಊರು ತೋರ್ಸೋಕೆ ಕರ್ಕೊಂಡು ಹೋಗೋ ದಿನ, ಒಂಬತ್ತೂವರೆಗೆ.”

“ಅಲ್ಲೀವರೆಗೂ?”

“ನಿಂತಿರುತ್ತೆ.”

ನಿಂತ ಬಸ್ಸು ಎಂದರೆ ಕಂಡಕ್ಟರಮ್ಮನಿಗೆ ಮೈ ಉರಿಯುತ್ತಿತ್ತು. ಅವತ್ತು ‘ಆಲಿಸುವ ನಾಯಕ’ ಪಾಠದಲ್ಲಿ ಕೈ ಎತ್ತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ಸು ಇದೆ, ಡ್ರೈವರು ಹಿಂದಿನ ಕೋಣೆಯಲ್ಲೇ ಇದ್ದಾನೆ, ರಸ್ತೆ ಇದೆ, ಜನ ಇದ್ದಾರೆ. ನಾಳೆಯಿಂದ ಐದೂವರೆಗೆ ಬಿಡಿ ಅಂದಳು. ಚೀಟಿ ಮೇಡಂ ತಲೆದೂಗಿ ತಲೆದೂಗಿ ಕೇಳಿ, ಹಸಿರು ಚೀಟಿಯಲ್ಲಿ ‘ಸಾರಿಗೆ ಸಮಾನತೆ’ ಎಂದು ಬರೆದು, ಕೋಣೆಯ ಹಿಂದಿನ ಗೋಡೆಗೆ ಅಂಟಿಸಿದಳು. ವಿಷಯಕ್ಕೆ ಹೊರತಾದ ಮಾತುಗಳನ್ನೆಲ್ಲ ಅಲ್ಲಿ ಅಂಟಿಸುವುದು. ಆ ಗೋಡೆಯ ಹೆಸರು ‘ಪಾರ್ಕಿಂಗ್’. ಹೊರಗೆ ನಿಂತ ಬಸ್ಸನ್ನು ತಂದು ಒಳಗೂ ನಿಲ್ಲಿಸಿದಂತಾಯಿತು.

ಅವಳೇನು ಬಿಡುವವಳೇ? ದಿನಾ ಕೇಳಿದಳು. ಐದನೇ ದಿನ ಚೀಟಿ ಮೇಡಂಗೆ ಹೊಸ ಹುರುಪು ಬಂತು. ಇದೊಂದು ಅದ್ಭುತ ಉದಾಹರಣೆ, ಇದನ್ನು ಅಭಿನಯಿಸಿ ನೋಡೋಣ ಎಂದಳು. ಕರ್ನಲ್ ಸಂಸ್ಥೆಯ ಮುಖ್ಯಸ್ಥ, ಹೆಡ್‌ಮಿಸ್ಟ್ರೆಸ್ ಡ್ರೈವರು, ಅಳಿಯ ನೆಲ ಒರೆಸುವ ಹೆಂಗಸು. ಅಳಿಯ ತಲೆಗೊಂದು ಟವೆಲ್ ಸುತ್ತಿ, ಸೊಂಟದ ಮೇಲೆ ಕೈಯಿಟ್ಟು, ಕುಂಟುತ್ತ ಬಂದು, “ಅಯ್ಯೋ ನನ್ನ ಕಾಲು, ಅಯ್ಯೋ ನನ್ನ ಸೊಂಟ” ಎಂದು ದನಿ ಎಳೆದ. ಕೋಣೆ ಗೊಳ್ಳೆಂದಿತು. ಯಾರದೋ ಕೈತಾಗಿ ಕಾಫಿಯ ಲೋಟ ಉರುಳಿತು. ಒರೆಸಲು ಒಳಗೆ ಬಂದವಳು ಅದೇ ಮಾಪಿನವಳು. ಬಗ್ಗಿ ಒರೆಸುತ್ತಿದ್ದಳು, ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಟವೆಲ್ ಸುತ್ತಿಕೊಂಡವನು ಅವಳ ಸೊಂಟನೋವನ್ನು ಅಭಿನಯಿಸುತ್ತಿದ್ದ.

ಕಂಡಕ್ಟರಮ್ಮ ಎದ್ದು ನಿಂತಳು. “ಆ ಟವೆಲ್ ಬಿಚ್ಚಪ್ಪಾ ಮೊದ್ಲು. ಮೇಡಂ, ನಾಟಕ ಯಾಕೆ? ನಡ್ಕೊಂಡು ಬರೋಳು ಇಲ್ಲೇ ಇದಾಳೆ. ಅವಳನ್ನೇ ಕೇಳಿ!”

ಕಿವಿಯ ಯಂತ್ರಗಳಲ್ಲಿ ಅದು ಒಂದೊಂದು ಭಾಷೆಗೂ ತಲುಪಲು ಎರಡು ಕ್ಷಣ ಹಿಡಿಯಿತು. ಇಪ್ಪತ್ತಮೂರು ತಲೆಗಳು ಒಟ್ಟಿಗೆ ತಿರುಗಿದವು. ಚೀಟಿ ಮೇಡಂ ಕೆಂಪೇರಿ, “ಅವರನ್ನು ಮುಜುಗರಕ್ಕೆ ಸಿಕ್ಕಿಸುವುದು ಬೇಡ” ಎಂದಳು. ಮಾಪಿನವಳು ತಲೆಯೆತ್ತದೆ ಬಕೆಟ್ ಎತ್ತಿಕೊಂಡು ಹೊರಟುಹೋದಳು.

ಪಾಠ ಮುಗಿದ ಮೇಲೆ ಕಂಡಕ್ಟರಮ್ಮ ಅವಳನ್ನು ಹುಡುಕಿಕೊಂಡು ಹೋದಳು. ಏನೋ ದೊಡ್ಡ ಉಪಕಾರ ಮಾಡಿದ ಹೆಮ್ಮೆ ಮುಖದ ಮೇಲೆ ಇನ್ನೂ ಆರಿರಲಿಲ್ಲ. ಪಾತ್ರೆ ತೊಳೆಯುವ ಕೋಣೆಯಲ್ಲಿ ಸಿಕ್ಕಿದಳು.

“ನಿಮಗೇನಕ್ಕಾ!” ಎಂದು ಮಾಪಿನವಳು ಹರಿಹಾಯ್ದಳು. “ಆರು ವಾರ ಆದ್ಮೇಲೆ ವಿಮಾನ ಹತ್ತಿ ಹೋಗ್ತೀರಿ. ನಾನು ಇಲ್ಲೇ ಇರ್ಬೇಕು. ನನ್ನ ಕೆಲ್ಸ ಹೋದ್ರೆ ನೀವು ಕೊಡಿಸ್ತೀರಾ? ನನ್ನನ್ನ ಬೆರಳು ಮಾಡಿ ತೋರ್ಸಿ ಅಂತ ನಾನು ಕೇಳಿದ್ನಾ? ಆ ಟವೆಲ್ಲಿನೋನು ನನ್ನನ್ನ ನೋಡ್ದೆ ಆಡ್ಕೊಂಡ. ನೀವು ನೋಡ್ಕೊಂಡೇ ಎಳೆದು ನಿಲ್ಲಿಸಿದ್ರಿ.”

ಕಂಡಕ್ಟರಮ್ಮ ಬಂದ ದಾರಿಯಲ್ಲೇ ತಿರುಗಿದಳು. ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಚೀಟಿ ಮೇಡಂ ಅನ್ನು ಜರೆಯುವುದು ಸುಲಭ. ಆದರೆ ತಾನು? ಸಮಯ ಮೀರಿತೆಂದು ಓಡಿಬರುತ್ತಿದ್ದ ಹೆಂಗಸರ ಮುಖದ ಮುಂದೆಯೇ ಎಷ್ಟು ಸಲ ಸೀಟಿ ಊದಿ ಬಸ್ಸು ಬಿಡಿಸಿದ್ದಳು? ಮೂರು ವರ್ಷ ಪುರಸಭೆಯಲ್ಲಿ ಕೂತೂ, ಆ ಸಭಾಂಗಣ ಗುಡಿಸುವವಳು ಎಲ್ಲಿಂದ ಬರುತ್ತಾಳೆ, ಹೇಗೆ ಬರುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳ ಮುಖವೇ ನೆನಪಿಗೆ ಬರಲಿಲ್ಲ. ತನ್ನ ಹುಬ್ಬು ಎಲ್ಲರ ಮೇಲೂ ಏರುತ್ತದೆ, ತನ್ನ ಮೇಲೊಂದು ಬಿಟ್ಟು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಹೋಗಿ, “ತಪ್ಪಾಯ್ತು ಕಣಮ್ಮ” ಅಂದಳು. “ಈಗ ನೀನೇ ಹೇಳು. ನಿಮಗೆ ಏನು ಬೇಕು, ಹೇಗೆ ಬೇಕು?”

ಮಾಪಿನವಳು ಮಾಪನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು. ಆಮೇಲೆ ಹೇಳಿದಳು: “ಬಸ್ಸು ಬೇಕು. ನಮ್ಮ ಹೆಸ್ರು ಬೇಡ.”

ಕಂಡಕ್ಟರಮ್ಮ ಅವತ್ತಿಡೀ ಪಾಠ ಕೇಳಲಿಲ್ಲ. ಬಣ್ಣದ ಚೀಟಿಯೊಂದರ ಹಿಂದೆ ವೇಳಾಪಟ್ಟಿ ಬರೆದಳು, ಹೊಡೆದಳು, ಮತ್ತೆ ಬರೆದಳು. ಕೆಲಸದವರಿಗಾಗಿ ಬಸ್ಸು ಬಿಡಿ ಎಂದರೆ ಗೋಡೆಗೆ ಅಂಟಿಸುತ್ತಾರೆ. ಹಾಗಿದ್ದರೆ ಈ ಕೇಂದ್ರದಲ್ಲಿ ಯಾರು ಕೇಳಿದರೆ ಬಸ್ಸು ಹೊರಡುತ್ತದೆ? ಉತ್ತರ ಊಟದ ಮೇಜಿನಲ್ಲೇ ಕೂತು ಸೂಪು ಕುಡಿಯುತ್ತಿತ್ತು. ಅವಳು ಕರ್ನಲ್‌ನ ಪಕ್ಕ ಹೋಗಿ ಕೂತಳು. ಗಾಜಿನ ಗೂಡಿನ ಹುಡುಗಿಯನ್ನೂ ಕೈಹಿಡಿದು ಎಳೆದು ತಂದಿದ್ದಳು.

“ಕರ್ನಲ್ ಸಾಹೇಬ್ರೇ, ನೀವು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ?”

“ನಾಲ್ಕು. ನಲವತ್ತು ವರ್ಷದಿಂದ.”

“ಎದ್ದು ಏನ್ಮಾಡ್ತೀರಿ?”

“ಕೋಣೆಯಲ್ಲೇ ನಡೆಯುತ್ತೇನೆ. ಈ ಜಾಗದಲ್ಲಿ ಶಿಸ್ತೇ ಇಲ್ಲ. ಎಂಟು ಗಂಟೆಯವರೆಗೂ ಎಲ್ಲಾ ಮಲಗಿರುತ್ತಾರೆ” ಎಂದ ಕರ್ನಲ್, ತಾನೊಬ್ಬನೇ ಗಡಿ ಕಾಯುತ್ತಿರುವವನಂತೆ.

“ಕೆಳಗಡೆ ಕೆರೆ ಇದೆ. ಬೆಳಗಿನ ಜಾವ ಸುತ್ತು ಹಾಕೋಕೆ ಬಲು ಚೆಂದ ಅಂತೆ. ನೀವು ಕೇಳಿದ್ರೆ ಬಸ್ಸು ಬಿಡಲ್ವಾ?”

ಕರ್ನಲ್ ಕೇಳಿದ. ಹೆಡ್‌ಮಿಸ್ಟ್ರೆಸ್, ಇನ್ನೂ ಐದಾರು ಜನ ಕೆಳಗೆ ಸಹಿ ಹಾಕಿದರು. ಅತಿಥಿ ನಾಯಕರಿಗೆ ಕೆರೆಯ ಬಳಿ ಮುಂಜಾವಿನ ನಡಿಗೆ ಬೇಕಾಗಿದೆ. ಬಸ್ಸು ಐದು ಇಪ್ಪತ್ತಕ್ಕೆ ಹೊರಟು ಐದೂವರೆಗೆ ಕೆಳಗಿರಲಿ, ಏಳಕ್ಕೆ ಮತ್ತೆ ಬಂದು ಕರೆದೊಯ್ಯಲಿ. ಅರ್ಜಿ ಮಧ್ಯಾಹ್ನ ಕೊಟ್ಟರು. ಕಾಫಿಯ ಹೊತ್ತಿಗೆ ಮಂಜೂರಾಯಿತು. ಹನ್ನೊಂದು ಹೆಂಗಸರು ಒಂದು ವರ್ಷ ಹತ್ತಿದ ಗುಡ್ಡ, ಎಂಟು ಸಹಿಗೆ ಎರಡು ಗಂಟೆಯಲ್ಲಿ ಬಗ್ಗಿತು. ಕಂಡಕ್ಟರಮ್ಮನಿಗೆ ಸಂತೋಷವಾಗಬೇಕಿತ್ತು, ಉಗಿಯಬೇಕೆನಿಸಿತು.

ಮರುದಿನ ಮೋಡ ಕವಿದ ಬೆಳಗು. ಬಸ್ಸಿನ ಲಿಫ್ಟಿನಲ್ಲಿ ಗಾಲಿಕುರ್ಚಿ ಏರಿತು, ಕರ್ನಲ್ ಟೋಪಿ ಹಾಕಿಕೊಂಡು ಏರಿದ, ಇನ್ನಿಬ್ಬರು ಆಕಳಿಸುತ್ತ ಏರಿದರು. ಕೆಳಗೆ ಇಳಿದಾಗ ಊರ ಬಸ್ಸಿನಿಂದ ಆಗಷ್ಟೇ ಇಳಿದ ಹನ್ನೊಂದು ಹೆಂಗಸರು ಗುಡ್ಡ ಹತ್ತಲು ಸೊಂಟ ಬಿಗಿಯುತ್ತಿದ್ದರು. ಕಂಡಕ್ಟರಮ್ಮ ಬಾಗಿಲಲ್ಲೇ ನಿಂತಳು. ಡ್ರೈವರನ ಕಡೆ ತಿರುಗಿ ಖಾಲಿ ಸೀಟುಗಳನ್ನು ತೋರಿಸಿದಳು, ಆಮೇಲೆ ಹೆಂಗಸರನ್ನು ತೋರಿಸಿದಳು. ಡ್ರೈವರು ಯಾವ ದೇಶದವನಾದರೂ ಡ್ರೈವರೇ. ಖಾಲಿ ಬಸ್ಸು ಏರಿಸುವುದು ಅವನಿಗೂ ಬೇಸರ. ಭುಜ ಕುಣಿಸಿ ನಕ್ಕ.

“ಬನ್ನಿ ಬನ್ನಿ, ಒಳಗೆ ಹೋಗಿ, ಹಿಂದೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ!” ಎಂದು ಅವಳು ಕೂಗಿದಳು. ಮಾಪಿನವಳೊಬ್ಬಳನ್ನು ಬಿಟ್ಟು ಯಾರಿಗೂ ಭಾಷೆ ತಿಳಿಯದು. ಆದರೆ ಹನ್ನೊಂದು ಜನವೂ ಒಳಗೆ ಹೋದರು, ಹಿಂದೆ ಹೋದರು, ಯಾರೂ ಬಾಗಿಲಲ್ಲಿ ನಿಲ್ಲಲಿಲ್ಲ. ಅಡುಗೆಯವಳೊಬ್ಬಳು ಸೀಟಿಗೊರಗಿ ಕಣ್ಣು ಮುಚ್ಚಿ, ಅಲ್ಲೇ ನಿದ್ದೆಹೋದಳು.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಚೀಟಿ ಮೇಡಂ ಯಾವುದೋ ಕೆಲಸಕ್ಕೆ ಬೇಗ ಬಂದವಳು, ಅತಿಥಿಗಳ ಬಸ್ಸಿನಿಂದ ಬೂದು ಕೋಟುಗಳು ಸಾಲಾಗಿ ಇಳಿಯುವುದನ್ನು ಕಂಡಳು. ಏಳು ಗಂಟೆಗೆ ನಾಯಕರು ನಡಿಗೆ ಮುಗಿಸಿ ಮೇಲೆ ಬರುವವರೆಗೂ ಕಾದು ನಿಂತಿದ್ದಳು. ಗಾಜಿನ ಗೂಡಿನ ಹುಡುಗಿ ಓಡಿಬಂದು ಮಧ್ಯೆ ನಿಂತಳು.

“ಇದು ನಿಮ್ಮ ನಡಿಗೆಗಾಗಿ ಕೊಟ್ಟ ಬಸ್ಸು. ಇದನ್ನು ಬೇರೆಯವರು ಬಳಸುವುದು ನಿಯಮಕ್ಕೆ…” ಎಂದು ಶುರುಮಾಡಿದಳು ಚೀಟಿ ಮೇಡಂ.

ಕಂಡಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಕರ್ನಲ್ ಅಡ್ಡಬಂದ. ಹದಿನೆಂಟು ದಿನ ಆ ಹೆಂಗಸರು ಅವನಿಗೆ ‘ಗುಡ್ ಮಾರ್ನಿಂಗ್ ಕರ್ನಲ್’ ಎಂದು ಹೇಳಿದ್ದರು. ಮನುಷ್ಯ ಅಷ್ಟಕ್ಕೇ ಕರಗಿಹೋಗಿದ್ದ.

“ಮೇಡಂ, ಇದು ವಿನಿಮಯ ಕಾರ್ಯಕ್ರಮ ತಾನೆ? ನಾವು ಇಳೀತೀವಿ, ಅವರು ಹತ್ತುತ್ತಾರೆ. ಇದಕ್ಕಿಂತ ದೊಡ್ಡ ವಿನಿಮಯ ಈ ಐದು ವಾರದಲ್ಲಿ ನಾನು ಇನ್ನೊಂದು ಕಂಡಿಲ್ಲ.”

ಚೀಟಿ ಮೇಡಂ ಒಂದು ಗಳಿಗೆ ಕಣ್ಣು ಪಿಳುಕಿಸಿದಳು. ಆಮೇಲೆ ಅವಳ ಮುಖ ಮೆಲ್ಲಗೆ ಅರಳಿತು. ಕೈ ತಾನಾಗಿ ಕೋಟಿನ ಜೇಬಿಗೆ ಹೋಗಿ ಚೀಟಿ ಹುಡುಕಿತು. ಸಮಾರೋಪದ ಹೊತ್ತಿಗೆ ಅದಕ್ಕೊಂದು ಹೆಸರೂ ಹುಟ್ಟಿತ್ತು: ‘ಉಷಃಕಾಲದ ವಿನಿಮಯ — ಬೆಳಗಿನ ಐದೂವರೆಯ ನಾಯಕತ್ವ’. ಮುಂದಿನ ತಂಡಗಳ ಪಾಠಪಟ್ಟಿಯಲ್ಲಿ ಅದು ಕಡ್ಡಾಯ ಭಾಗವಾಗಿ ಸೇರಿತು. ಅಭಿಪ್ರಾಯದ ಕಾಗದದಲ್ಲಿ ಕಂಡಕ್ಟರಮ್ಮ ಎದೆಯ ಮೇಲೆ ಕಲ್ಲಿಟ್ಟುಕೊಂಡು, ‘ನನ್ನ ಜೀವನವನ್ನೇ ಬದಲಿಸಿದ ಅನುಭವ, ದಯವಿಟ್ಟು ಎಂದೂ ನಿಲ್ಲಿಸಬೇಡಿ’ ಎಂದು ಗಾಜಿನ ಗೂಡಿನ ಹುಡುಗಿಯ ಕೈಯಲ್ಲಿ ಬರೆಸಿದಳು. ಅಷ್ಟು ದೊಡ್ಡ ಸುಳ್ಳನ್ನು ಅವಳು ಚೆಕಿಂಗ್ ಇನ್ಸ್‌ಪೆಕ್ಟರ್ ಮುಂದೆಯೂ ಹೇಳಿರಲಿಲ್ಲ.

ಊರಿಗೆ ಬಂದಾಗ ಪುರಸಭೆಯ ಮುಂದೆ ಅವಳ ಚಿತ್ರದ ಬ್ಯಾನರ್ ತೂಗುತ್ತಿತ್ತು. ಅಧ್ಯಕ್ಷರ ಚಿತ್ರ ಅವಳದಕ್ಕಿಂತ ಮೂರು ಪಟ್ಟು ದೊಡ್ಡದು, ಅವರೇ ಹೋಗಿಬಂದ ಹಾಗೆ. ವಿದೇಶದ ಅನುಭವ ಹಂಚಿಕೊಳ್ಳಿ ಎಂದು ಸಭೆಯಲ್ಲಿ ಐದು ನಿಮಿಷ ಕೊಟ್ಟರು. ಅವಳು ಎದ್ದು, ಈ ಸಭಾಂಗಣ ಗುಡಿಸುವವರು ಎಷ್ಟು ಜನ, ಎಲ್ಲಿಂದ ಬರುತ್ತಾರೆ, ಹೇಗೆ ಬರುತ್ತಾರೆ, ಯಾರಿಗಾದರೂ ಗೊತ್ತಿದೆಯಾ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಸದಸ್ಯ, “ವಿದೇಶದಲ್ಲಿ ರಸ್ತೆ ಹೇಗಿತ್ತು ಹೇಳಿ” ಎಂದು ಕೂಗಿದ. ತಾನು ಕೇಳಿದ್ದಕ್ಕೆ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು; ಹಿಂದಿನ ವಾರವೇ ಸಭಾಂಗಣ ಗುಡಿಸುವ ಇಬ್ಬರು ಹೆಂಗಸರ ಜೊತೆ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದಳು. ಅವರಿಗೆ ಬೇಕಿದ್ದದ್ದು ಬಸ್ಸಲ್ಲ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ. ಅದನ್ನು ಮಾಡಿಸಲು ಏಳು ತಿಂಗಳು ಹಿಡಿಯಿತು. ಉದ್ಘಾಟನೆಗೆ ಬಿಡಲಿಲ್ಲ. ಬೀಗದ ಕೈ ಅವರ ಕೈಗೇ ಕೊಟ್ಟಳು.

ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಯಿತು. ಪಕ್ಷದವರು ಮತ್ತೆ ಯಾರದೋ ಅಂಗಡಿಗೆ ಹೋದರು. ಕಂಡಕ್ಟರಮ್ಮ ಅದನ್ನು ಕೇಳಿ ಹುಬ್ಬೇರಿಸಿದಳು.

ಆ ವರ್ಷವೇ ಒಂದು ಸಂಜೆ ನಾದಿನಿ ಓಡಿಬಂದು ತನ್ನ ಫೋನು ಮುಂದೆ ಹಿಡಿದಳು. ಯಾವುದೋ ದೊಡ್ಡ ವೇದಿಕೆ, ದೀಪ, ಚಪ್ಪಾಳೆ. ಅಳಿಯ ಈಗ ತನ್ನ ದೇಶದಲ್ಲಿ ಉಪಮಂತ್ರಿ. ಕೆಳಗೆ ಬರುತ್ತಿದ್ದ ಅಕ್ಷರಗಳ ಪ್ರಕಾರ, ಬೆಳಗಿನ ಐದೂವರೆಗೆ ಎದ್ದು ಕಾರ್ಮಿಕ ಮಹಿಳೆಯರೊಂದಿಗೆ ಗುಡ್ಡ ಹತ್ತಿದ ದಿನಗಳು ತನ್ನನ್ನು ಹೇಗೆ ನಾಯಕನನ್ನಾಗಿ ರೂಪಿಸಿದವು ಎಂದು ಅವನು ಗದ್ಗದಿತನಾಗಿ ವಿವರಿಸುತ್ತಿದ್ದ.

“ಇವನೂ ಬರ್ತಿದ್ನಾ ಅತ್ತಿಗೆ?”

“ಒಂದಿನಾನೂ ಇಲ್ಲ. ಇವನು ಕಾಫಿಗೆ ಏಳ್ತಿದ್ದದ್ದೇ ಒಂಬತ್ತಕ್ಕೆ.”

“ಮತ್ತೆ ಇದೆಲ್ಲಾ?”

“ಟಿಕೆಟಿಲ್ದೋನೇ ಅಲ್ವೇನೇ ಜೋರಾಗಿ ಕೂಗೋದು” ಎಂದು ಫೋನು ವಾಪಸ್ ಕೊಟ್ಟಳು. ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೂ ಒಂದು ಯೋಗ್ಯತೆ ಬೇಕು.

ಮಾಪಿನವಳು ತಿಂಗಳಿಗೊಮ್ಮೆ ಫೋನಿನಲ್ಲಿ ದನಿ ಕಳಿಸುತ್ತಾಳೆ. ಈಗ ಬರುವ ತಂಡಗಳ ನಾಯಕರು ಮೊದಲ ದಿನ ನಡಿಗೆಗೆ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ, ಎರಡನೇ ದಿನದಿಂದ ಒಬ್ಬರೂ ಏಳುವುದಿಲ್ಲ. ಆದರೆ ಪಾಠಪಟ್ಟಿಯಲ್ಲಿ ಬರೆದಿರುವುದರಿಂದ ಬಸ್ಸು ಮಾತ್ರ ದಿನಾ ಐದು ಇಪ್ಪತ್ತಕ್ಕೆ ಖಾಲಿಯಾಗಿ ಇಳಿಯುತ್ತದೆ, ತುಂಬಿಕೊಂಡು ಹತ್ತುತ್ತದೆ. ಒಂದು ತಂಡ ಹೋಗಿ ಇನ್ನೊಂದು ಬರುವ ನಡುವಿನ ಎರಡು ಮೂರು ವಾರ ಬಸ್ಸಿಲ್ಲ. ಆಗ ಮತ್ತೆ ನಡಿಗೆಯೇ. ಕೇಂದ್ರದಲ್ಲಿ ನಾಯಕರಿಲ್ಲದಿದ್ದರೂ ನೆಲಕ್ಕೆ ಧೂಳು ಕೂರುತ್ತದೆ ಎಂಬುದು ಇನ್ನೂ ಯಾರ ಚೀಟಿಗೂ ಬಂದಿಲ್ಲ. ಕಳೆದ ಸಲ ಅವಳು, “ಹೊಸ ಡ್ರೈವರು ಬಂದಿದಾನೆ ಅಕ್ಕಾ, ಹತ್ತು ನಿಮಿಷ ಲೇಟು ಮಾಡ್ತಾನೆ, ಏನ್ಮಾಡೋದು?” ಎಂದು ಕೇಳಿದ್ದಳು. ಕಂಡಕ್ಟರಮ್ಮ ಗಂಡನ ಅಂಗಡಿಯ ಸ್ಟೂಲಿನ ಮೇಲೆ ಕೂತು ಉತ್ತರ ಕಳಿಸಿದಳು: “ಮೊದ್ಲು ಅವನಿಗೆ ಚಾ ಕೊಡು. ಕೇಳ್ಲಿಲ್ಲ ಅಂದ್ರೆ ಆಮೇಲೆ ನಾನು ಕಲ್ಸಿರೋ ಬೈಗುಳದಲ್ಲಿ ಎರಡನೇದು ಬಳಸು. ಮೊದಲನೇದು ಬೇಡ, ಅದು ಮಂತ್ರಿಗಳಿಗೆ.”